ತಾಯಿಯ ಕತ್ತಿ ಕಸಿದವನು

ನನ್ನ ಮೈದುನನ ಮೊಣಕಾಲಿನಿಂದ ಕೆಳಗೆ ಬರೀ ರಕ್ತ ಹೀರುವ ಇಂಬಳ ಕಚ್ಚಿದ ಕಲೆ. ಖಾಕಿ ಚಡ್ಡಿಯ ಕೆಳಗೆ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿತ್ತು. ಉಣ್ಣುವಾಗಲೂ ಎಡಗೈಯಿಂದ ಕೆರೆದುಕೊಳ್ಳುತ್ತಿದ್ದ. ಸುಣ್ಣ ಹಚ್ಚಿಕೊಂಡು ಹೋಗು ಎಂದರೆ, "ಇರ್ಲಿ ಅತ್ತಿಗೆ, ಅವೂ ಬದುಕೂಕೆ ಬೇಡ್ವ?" ಎನ್ನುತ್ತಿದ್ದ. ಆ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು.

ಹೊನ್ನಾವರದಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿ ನಮ್ಮ ಮನೆ. ಎಪ್ಪತ್ತರ ದಶಕದಲ್ಲಿ ಅವನಿಗೆ ಕಾಡು ಕಾಯುವ ಕೆಲಸ ಸಿಕ್ಕಿತು. ಮನೆ ಹಿಂದಿನ ಬೆಟ್ಟವನ್ನೇ ಕಾಯಬೇಕು, ಅಲ್ಲಿ ಯಾರೂ ಹಸಿಮರ ಮುಟ್ಟುವಂತಿಲ್ಲ. ಮನೆಯವನೇ ಕಾವಲಿಗಿದ್ದರೆ ನಮ್ಮನ್ನು ತಡೆಯುವವರು ಯಾರು ಎಂದು ನಾವೆಲ್ಲ ಖುಷಿಪಟ್ಟೆವು.

ಮಳೆಗಾಲಕ್ಕೆ ಮುಂಚೆ ಬೇಲಿಯ ಗೂಟಕ್ಕೆಂದು ನಾನೂ ಅತ್ತೆಯೂ ಬೆಟ್ಟ ಹತ್ತಿದೆವು. ಅತ್ತೆ ಎಳೆಯ ಮರವೊಂದಕ್ಕೆ ಕತ್ತಿ ಹಾಕಿದ್ದಳಷ್ಟೆ, ಅವನು ಬಂದು ನಿಂತ.

"ಅವ್ವಿ, ಕತ್ತಿ ಕೊಡು."

"ಎಂತಕೆ? ನೀ ಕಡಿದು ಕೊಡ್ತ್ಯ?"

"ಹಸಿಮರ ಕಡಿಯೂಕಾಗ. ಕೊಡು."

"ನೀ ಹುಟ್ಟಿದಾಗ ಹೊಕ್ಕಳಬಳ್ಳಿ ಕೊಯ್ದದ್ದು ಇದೇ ಕತ್ತಿ. ತಕಾ!" ಎಂದು ಅತ್ತೆ ಅದನ್ನು ಅವನ ಕಾಲಬುಡಕ್ಕೆ ಎಸೆದಳು.

ಅವನು ಎತ್ತಿಕೊಂಡು ಹೋಗಿ ಅರಣ್ಯ ಕಚೇರಿಗೆ ಒಪ್ಪಿಸಿದ.

ಆವತ್ತಿನಿಂದ ಅತ್ತೆ ಅವನಿಗೆ ಅನ್ನ ಬಡಿಸಲಿಲ್ಲ. ಬಡಿಸುವುದು ನನ್ನ ಪಾಲಿಗೆ ಬಂತು. ತಾಯಿಯ ಕತ್ತಿ ಕಸಿದವನೆಂದು ಊರು ಆಡಿಕೊಂಡಿತು, ಯಾರೂ ಹೆಣ್ಣು ಕೊಡಲಿಲ್ಲ. ಬಿದ್ದ ಕಡ್ಡಿ ಆರಿಸಿ ತಂದು ಒಲೆ ಉರಿಸಿದೆವು. ಮಳೆಗಾಲದಲ್ಲಿ ಅದೂ ನೆನೆದು, ಊದಿ ಊದಿ ನನ್ನ ಕಣ್ಣು ಹಾಳಾಯಿತು.

ಆಚೆ ಗುಡ್ಡಕ್ಕೆ ಕಾವಲಿರಲಿಲ್ಲ. ಕಡಿದು ಕಡಿದು ಬೋಳಾಯಿತು. ಕೆಲವು ವರ್ಷದಲ್ಲಿ ಅಲ್ಲಿಯ ಹಳ್ಳ ಬೇಸಿಗೆಗೆ ಬತ್ತಿ, ಅಲ್ಲಿಯ ಹೆಂಗಸರು ಕೊಡ ಹೊತ್ತು ನಮ್ಮ ಹಳ್ಳಕ್ಕೆ ಬಂದರು. ಮೈದುನ ಅವರನ್ನು ನೋಡಿ ಒಳಗೆ ಬಂದವನೇ ಊಟದ ಎಲೆ ಹಾಕಿಕೊಂಡು ಕೂತ.

"ಈಗಾದ್ರೂ ಬಡಿಸ್ತ್ಯ, ಅವ್ವಿ?"

"ಕತ್ತಿ ತಕಂಡು ಬಾ, ಬಡಿಸ್ತೆ."

"ಅದು ಸರ್ಕಾರದ್ದಾತು."

"ಹಂಗಾರೆ ಸರ್ಕಾರನೇ ಬಡಿಸ್ಲಿ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಅತ್ತೆ ನಗಲಿಲ್ಲ. ಬಡಿಸದೆಯೇ ಸತ್ತಳು.

ಅದಾಗಿ ಕೆಲವು ವರ್ಷಕ್ಕೆ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಹೋಗಬೇಡ ಎಂದು ನಾನು ದಾರಿಗೆ ಅಡ್ಡ ನಿಂತೆ. ಹೋದ. ಮಂಗನ ಕಾಯಿಲೆ ಹತ್ತಿಕೊಂಡಿತು. ಜ್ವರದಲ್ಲಿ ಮೂಗಿನಿಂದ ರಕ್ತ ಬಂತು. ಯಾವ ಕಾಡಿಗಾಗಿ ತಾಯಿಯನ್ನು ಎದುರು ಹಾಕಿಕೊಂಡನೋ ಅದೇ ಅವನನ್ನು ತಿಂದಿತು. ಇದು ಸರಿಯೆಂದು ನನಗೆ ಇಂದಿಗೂ ಅನಿಸಿಲ್ಲ.

ಹೆಣ ಅಂಗಳದಲ್ಲಿತ್ತು. ಸುಡಲು ಮರ ಬೇಕು. ನೆರೆಯವನೊಬ್ಬ ಕೊಡಲಿ ಹಿಡಿದು, "ಕಾಯುವವ ಹೋದ. ಇನ್ನೆಂತ ಹೆದರಿಕೆ? ಬೆಟ್ಟದಿಂದ್ಲೇ ಒಂದು ಕಡಿದು ತರುವ" ಎಂದು ನಕ್ಕ.

"ಬೆಟ್ಟ ಹತ್ತಿದ್ರೆ ನೋಡು! ಇದನ್ನ ಕಡಿ" ಎಂದು ನಾನು ಬಾಗಿಲ ಎದುರಿನ ಮಾವಿನ ಮರ ತೋರಿಸಿದೆ. ಅತ್ತೆ ಈ ಮನೆಗೆ ಬಂದ ಹೊಸತರಲ್ಲಿ ನೆಟ್ಟದ್ದು. ವರ್ಷವೂ ಕಾಯಿ ಬಿಡುತ್ತಿತ್ತು. ಅದರಲ್ಲೇ ಅವನನ್ನು ಸುಟ್ಟೆವು.

ಈಗಲೂ ಕಡು ಬೇಸಿಗೆಯಲ್ಲಿ ನನ್ನ ಹರಿವೆ ಸೊಪ್ಪಿನ ಮಡಿಗೆ ಆ ಬೆಟ್ಟದ ಹಳ್ಳದ ನೀರು ಬರುತ್ತದೆ. ಬಾಗಿಲಲ್ಲಿ ನೆರಳಿಲ್ಲ.