ಫಿನ್‌ಲ್ಯಾಂಡಿಗೆ ಹೋಗದ ಇಶಾಡು

ಫ್ರಿಜ್ಜಿನ ಬಾಗಿಲು ತೆಗೆದರೆ ಸಾಕು, ನಿನ್ನೆಯಿಂದ ಇಶಾಡು ಮಾವಿನಹಣ್ಣಿನ ಘಮ. ಹಾಲಿಗೂ ಅದೇ, ಬೆಣ್ಣೆಗೂ ಅದೇ. ಈ ವಾಸನೆ ಬಂದಾಗಲೆಲ್ಲ ನನಗೆ, ನಗಬೇಡಿ, ಫಿನ್‌ಲ್ಯಾಂಡ್ ನೆನಪಾಗುತ್ತದೆ.

ಅಂಕೋಲೆಯ ಇಶಾಡು ನೀವು ತಿಂದಿದ್ದೀರೋ ಇಲ್ಲವೋ. ಸಿಪ್ಪೆ ಕಾಗದದಷ್ಟು ತೆಳು, ಒಳಗೆಲ್ಲ ರಸ. ದೂರದ ಪೇಟೆಗೆ ಒಯ್ಯುವಷ್ಟರಲ್ಲಿ ಬುಟ್ಟಿಯಲ್ಲೇ ಪಾಯಸ. ಅದಕ್ಕೇ ಅಂಕೋಲೆಯಲ್ಲಿದ್ದ ನನ್ನ ಅಣ್ಣನಿಗೆ ಅದರ ಮೇಲೆ ಸಿಟ್ಟು. ಹಿತ್ತಿಲ ಇಶಾಡು ಮರಗಳನ್ನು ಕಡಿಸಿ ಗೇರು ಹಾಕುತ್ತೇನೆಂದು ಹಟ ಹಿಡಿದಿದ್ದ. ಅವನ ಹೆಂಡತಿ, ನನ್ನ ವೈನಿಗೆ, ಆ ಮರಗಳೆಂದರೆ ಪ್ರಾಣ. ಕೊನೆಗೆ ಅಣ್ಣ, ಈ ಸೀಸನ್ನಿನಲ್ಲಿ ಹಣ್ಣು ಮಾರಿ ತೋರಿಸು, ಮರ ಉಳಿಯುತ್ತದೆ ಎಂದು ಅವಳಿಗೆ ವಾಯಿದೆ ಕೊಟ್ಟ.

ಅದೇ ಬೇಸಿಗೆ ನಾನಿದ್ದ ಕಾರವಾರದಲ್ಲೊಂದು ಸೆಮಿನಾರು: ಭಾರತ–ಫಿನ್‌ಲ್ಯಾಂಡ್ ಆರ್ಥಿಕ ಮತ್ತು ಸಾಂಸ್ಕೃತಿಕ ಸಂಬಂಧ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿದ್ದ ಆ ವರ್ಷಗಳಲ್ಲಿ ಮೊಬೈಲ್ ಸಿಗ್ನಲ್ಲಿಗೆ ನಾವು ಬಾವಿಕಟ್ಟೆ ಹತ್ತುತ್ತಿದ್ದೆವು, ಆದರೆ ಜಗತ್ತಿನೊಡನೆ ಸಂಬಂಧಕ್ಕೇನೂ ಕೊರತೆಯಿರಲಿಲ್ಲ. ಕಾನ್ವೆಂಟಿನಲ್ಲಿ ಕಲಿತವಳೆಂದು ವೋಟ್ ಆಫ್ ಥ್ಯಾಂಕ್ಸ್ ನನ್ನ ಪಾಲಿಗೆ ಬಂತು. ಐಸ್‌ಕ್ರೀಮಿಗೆ ಮಾವಿನ ರಸ ಹುಡುಕಿಕೊಂಡು ಬಂದಿದ್ದ ಪೆಕ್ಕಾ ಎಂಬ ಉದ್ದನೆಯ ಮನುಷ್ಯನನ್ನು, ಥ್ಯಾಂಕ್ಸ್ ಹೇಳುವ ಉಮೇದಿನಲ್ಲಿ, ಅಂಕೋಲೆಗೂ ಕರೆದುಬಿಟ್ಟೆ.

ದಾರಿಯಲ್ಲಿ ಕಾರು ತೋಡೂರು ದಾಟಿದರೂ ಆಸಾಮಿ ಬಾಯಿ ಬಿಡಲಿಲ್ಲ. ಸಿಸ್ಟರುಗಳು ಕಲಿಸಿದ ಕಾನ್ವರ್ಸೇಷನ್ ಎಲ್ಲ ನಾನೊಬ್ಬಳೇ ಮಾಡಿ ಮುಗಿಸಿದೆ.

ಅಂಕೋಲೆಯಲ್ಲೂ ಅದೇ ಮೌನ. ಮಾತಾಡದವನಿಗೆ ಹಸಿವಾಗಿರಬೇಕೆಂದು ವೈನಿ ಮೊದಲು ಎಲೆ ಹಾಕಿದಳು. ಕೊಟ್ಟೆ ರೊಟ್ಟಿ, ಬಂಗಡೆ ಮೀನಿನ ಸಾರು, ಕೊನೆಗೆ ಬಟ್ಟಲು ತುಂಬ ಇಶಾಡಿನ ರಸ. ಅವನು ಪ್ರೀತಿಯಿಂದ ತಂದಿದ್ದ ತನ್ನ ದೇಶದ ಕರಿ ಮಿಠಾಯಿಯನ್ನು ವೈನಿ ನೆಕ್ಕಿ ನೋಡಿದಳು, ಉಪ್ಪುಪ್ಪು. ಅಜೀರ್ಣದ ಮದ್ದೆಂದು ತಿಳಿದು ಊಟವಾದ ಮೇಲೆ ಅವನಿಗೇ ಒಂದು ಕೊಟ್ಟಳು. ಅವನು ಮರುಮಾತಿಲ್ಲದೆ ಚೀಪಿದ.

ಆಮೇಲೆ ಬಾಯಿ ತೆರೆದು, ರಸ ಬಹಳ ಚೆನ್ನಾಗಿದೆ, ಪ್ರತಿವರ್ಷ ಬೇಕು, ರೇಟೆಷ್ಟು ಎಂದ. ನಾನು ವೈನಿಗೆ ಹಾಗೆಯೇ ಹೇಳಿದೆ. ಮರ ಉಳಿದವು ಎಂದುಕೊಂಡು ಅವಳ ಮುಖ ನೋಡಿದರೆ ಅದು ಕೆಂಪಾಗಿತ್ತು.

"ಉಂಡವ್ರ ಹತ್ರ ದುಡ್ಡು ಕೇಳೂದು ಖಾನಾವಳಿಯವ್ರು. ನಾವಲ್ಲ ಅಂತ ಹೇಳು, ತಂಗಿ."

ಮರ ಹೋಗ್ತದೆ ವೈನಿ ಎಂದು ಕನ್ನಡದಲ್ಲಿ ಗೋಗರೆದೆ, ಕೊಂಕಣಿಯಲ್ಲಿ ಬೈದೆ. ಅವಳ ಕಣ್ಣಲ್ಲಿ ನೀರು ಬಂತೇ ಹೊರತು ರೇಟು ಬರಲಿಲ್ಲ. ವಿಧಿಯಿಲ್ಲದೆ ಇಂಗ್ಲಿಷಿನಲ್ಲಿ ವಿವರಿಸಿದೆ. ಪೆಕ್ಕಾ ಬಹಳ ಹೊತ್ತು ಯೋಚಿಸಿ, ತನ್ನ ಕಂಪನಿಯಲ್ಲಿ ಇನ್ನೊಬ್ಬನಿದ್ದಾನೆ, ಅವನು ಇಲ್ಲಿ ಉಂಡಿಲ್ಲ, ಅವನಿಗೆ ಮಾರಬಹುದೇ ಎಂದು ಕೇಳಿದ. ಎಂಥ ಬುದ್ಧಿ ನೋಡಿ! ನಾನು ಹಿಗ್ಗಿ ಕನ್ನಡಕ್ಕೆ ತಂದೆ.

"ಅಯ್ಯೋ, ಅವ್ರೂ ಬರ್ಲಿ," ಎಂದಳು ವೈನಿ, ಕಣ್ಣೊರೆಸಿಕೊಳ್ಳುತ್ತ. "ಉಂಡ್ಕಂಡೇ ಹೋಗ್ಲಿ."

ಅಲ್ಲಿಗೆ ಆರ್ಥಿಕ ಸಂಬಂಧ ಮುಗಿಯಿತು. ಪೆಕ್ಕಾ ಎದ್ದು ನಿಂತು, ವೈನಿಗೆ ಬಾಗಿ ಕೈಮುಗಿದು, ಮುಂದಿನ ಬೇಸಿಗೆಗೆ ಹೆಂಡತಿಯನ್ನು ಕರೆತರುತ್ತೇನೆ ಎಂದ.

ಮಳೆಗಾಲಕ್ಕೆ ಮೊದಲು ಅಣ್ಣ ಮರ ಕಡಿಯುವವರನ್ನು ಕರೆಸಿದ. ಕೊಡಲಿಗಳು ಹಿತ್ತಿಲಿಗೆ ಬಂದಾಗ ನಾನೂ ಅಲ್ಲಿದ್ದೆ. ವೈನಿ ಅಳಲಿಲ್ಲ, ಅಡ್ಡ ನಿಲ್ಲಲಿಲ್ಲ.

"ಕಡೀರಿ," ಎಂದಳು ಅಣ್ಣನಿಗೆ. "ಬರೂ ವರ್ಷ ಆ ಹೆಂಗಸು ಅಷ್ಟು ದೂರದಿಂದ ಬಂದು ಮರ ಎಲ್ಲಿ ಅಂತ ಕೇಳ್ತದೆ. ನಾನಂತೂ ಒಳಗೆ ಹೋಗ್ತೆ. ನೀವೇ ಇಂಗ್ಲಿಷಲ್ಲಿ ಹೇಳಿ."

ಅಣ್ಣ ನನ್ನತ್ತ ನೋಡಿದ. ನಾನು ಆ ದಿನ ಕಾರವಾರದಲ್ಲೇ ಇರುತ್ತೇನೆಂದೆ. ಅವನು ಮರ ನೋಡಿದ, ಕೊಡಲಿ ನೋಡಿದ. ಬಂದವರಿಗೆ ಚಹಾ ಕುಡಿಸಿ ಕಳಿಸಿದ.

ಗಂಡ ಹೆಂಡಿರು ಬಂದರು, ಮತ್ತೆ ಮತ್ತೆ ಬಂದರು. ಇವತ್ತು ಫ್ರಿಜ್ಜಿನ ಮುಂದೆ ನಿಂತೇ ಒಂದು ಹಣ್ಣು ಚೀಪುತ್ತಿದ್ದೆ, ಅಣ್ಣನ ಫೋನು. ಈ ಸಲ ಪೆಕ್ಕಾನ ಮೊಮ್ಮಗಳೂ ಬರುತ್ತಾಳಂತೆ. ಸಂಕೋಚದಿಂದ ಕೆಮ್ಮಿ, ದನಿ ತಗ್ಗಿಸಿ ಕೇಳಿದ: "ತಂಗಿ, 'ಇನ್ನೊಂಚೂರು ಬಡಿಸ್ಲಾ' ಅಂತ ಇಂಗ್ಲಿಷಲ್ಲಿ ಹ್ಯಾಂಗೆ ಹೇಳೂದು?"