ಟಾರಿನಡಿಯ ಮುಚ್ಚಳ

ಬೆಳಗಿನ ಚಳಿಗೆ ಮೆಟಲ್ ಡಿಟೆಕ್ಟರ್ ಮತ್ತೆ ಸದ್ದಡಗಿದಾಗ ವಾಲ್ವ್‌ಮನ್ ಅದರ ಬ್ಯಾಟರಿ ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡ. ಬೆಚ್ಚಗಾದರೆ ಇನ್ನೊಂದಿಷ್ಟು ಹೊತ್ತು ಜೀವ ಹಿಡಿಯುತ್ತದೆ. ಅವನ ಬೆರಳುಗಳು ಆಗಲೇ ಮರಗಟ್ಟಿದ್ದವು.

ತಿರುವಿನಲ್ಲಿ ನೀರಿನ ಕೊಳವೆ ಒಡೆದಿತ್ತು. ನೀರು ಇಳಿಜಾರು ಹಿಡಿದು ಸೀದಾ ನೆಲಮಾಳಿಗೆಯ ಟೈಲರ್ ಅಂಗಡಿಗೆ ಹರಿಯುತ್ತಿತ್ತು. ಅಂಗಡಿಯಾಕೆ ಬಾಗಿಲಿಗೆ ಚಿಂದಿಬಟ್ಟೆಯ ಮೂಟೆ ಅಡ್ಡವಿಟ್ಟು, ನೆಲದ ಮೇಲೆ ಪೇರಿಸಿದ್ದ ಶಾಲಾ ಸಮವಸ್ತ್ರಗಳನ್ನು ಮೇಜಿಗೆ ಎತ್ತಿಡುತ್ತಿದ್ದಳು. ಇಡೀ ಚಳಿಗಾಲದ ದುಡಿಮೆ ಅಲ್ಲಿತ್ತು. ನೀರು ನಿಲ್ಲಿಸುವ ವಾಲ್ವ್ ಬೀದಿಯಲ್ಲೇ ಎಲ್ಲೋ ಇದೆ. ಅದರ ಗುಂಡಿಯ ಮುಚ್ಚಳದ ಮೇಲೆ ಟಾರಿನ ಮೇಲೆ ಟಾರು ಬಿದ್ದು ಗುರುತೇ ಇಲ್ಲ.

"ಅಣ್ಣಾ, ನೀರು ಮೆಟ್ಟಿಲು ಇಳೀತಿದೆ!"

"ಹುಡುಕ್ತಾ ಇದೀನಲ್ಲಕ್ಕಾ, ಬೀದೀನ ಮಡಚಿ ಕೊಡವೋಕಾಗುತ್ತಾ?"

ಬ್ಯಾಟರಿ ಮತ್ತೆ ಹಾಕಿದಾಗ ಯಂತ್ರ ಕೂಗಿತು. ಅಗೆದರೆ ತುಕ್ಕು ಹಿಡಿದ ಬೋಲ್ಟು. ಆಚೆ ಕೂಗಿತು. ಪೈಪಿನ ತುಂಡು. ಹಿಂದೆ ಇದೇ ಬೀದಿಯ ವಾಲ್ವ್‌ಮನ್ ಆಗಿದ್ದ, ಈಗ ನಿವೃತ್ತರಾದ ಅವನ ಮಾವ ಮಫ್ಲರ್ ಸುತ್ತಿಕೊಂಡು ಫುಟ್‌ಪಾತಿನಲ್ಲಿ ಟೀ ಕುಡಿಯುತ್ತಿದ್ದರು.

"ಮಾವ, ಇದೆಲ್ಲ ನಿಮ್ಮ ಕಾಲದ ಕಾರುಬಾರಾ?"

"ಮತ್ತೆ? ಗುಜರೀನೆಲ್ಲ ಸ್ಟೋರಿಗೆ ಹೊತ್ಕೊಂಡು ಹೋಗೋಕೆ ನಮಗೇನು ಹುಚ್ಚಾ? ಅಗೆದ ಗುಂಡಿಗೇ ಹಾಕಿ ಮುಚ್ತಿದ್ವಿ."

"ಮುಚ್ಚಳ ಎಲ್ಲಿದೆ ಅಂತ ನೆನಪಿದೆಯಾ?"

"ಬಸ್ ಸ್ಟಾಪ್ ಎದುರಿಗೆ. ಆಮೇಲೆ ಬಸ್ ಸ್ಟಾಪೇ ಎದ್ದು ಹೋಯ್ತು, ನಾನೇನು ಮಾಡ್ಲಿ? ಇಲ್ಲೇ ಸುತ್ತಮುತ್ತ ನೋಡಿ."

ಸುತ್ತಮುತ್ತ ಇಂಚಿಂಚೂ ನೋಡಿದ್ದಾಯಿತು. ಮಾವ ತೋರಿಸಿದ ಕಡೆ ಯಂತ್ರ ತುಟಿ ಪಿಟಕ್ ಎನ್ನಲಿಲ್ಲ. ಕೆಳಗಿನಿಂದ ಅಂಗಡಿಯಾಕೆ ಮತ್ತೆ ಕೂಗಿದಳು.

"ಅಷ್ಟು ದೊಡ್ಡ ಕಬ್ಬಿಣಕ್ಕೆ ಇದು ಕೂಗಬೇಕಲ್ಲ ಮಾವ!"

"ಕಬ್ಬಿಣ ಎಲ್ಲಿಂದ ಬರ್ಬೇಕು? ಕಬ್ಬಿಣದ ಮುಚ್ಚಳಾನ ಕಳ್ಳರು ಎತ್ಕೊಂಡು ಹೋದ್ರು ಅಂತ ನಾನೇ ಕಲ್ಲುಚಪ್ಪಡಿ ಹಾಕಿಸಿದ್ದೆ. ವಾಲ್ವ್ ಅಂತೂ ಆಳೆತ್ತರ ಕೆಳಗಿದೆ. ಅಲ್ಲೀತನಕ ನಿಮ್ಮ ಯಂತ್ರಕ್ಕೆ ಎಟುಕಲ್ಲ."

ಅಳಿಯ ಕಣ್ಣು ಮಿಟುಕಿಸದೆ ಅವರನ್ನೇ ನೋಡಿದ. "ಇಷ್ಟು ಹೊತ್ತು ಬಾಯಲ್ಲೇನಿತ್ತು ಮಾವ?"

"ಟೀ. ಎಲ್ಲಿದೆ ಅಂತ ಕೇಳಿದ್ರಿ, ಯಾತರದ್ದು ಅಂತ ಕೇಳಿದ್ರಾ ಅಳಿಯಂದ್ರೇ? ಆ ಕೂಗೋ ಕೋಲು ಇದ್ಮೇಲೆ ಮುದುಕನ ಮಾತು ಯಾರಿಗೆ ಬೇಕು ಅಂತ ಸುಮ್ನಿದ್ದೆ."

ವಾಲ್ವ್‌ಮನ್ ಯಂತ್ರವನ್ನು ಮಾವನ ಕೈಗೆ ತುರುಕಿ ಹಾರೆ ಎತ್ತಿಕೊಂಡ. ಯಂತ್ರ ಕೂಗದ ಜಾಗದಲ್ಲೆಲ್ಲ ರಸ್ತೆಯನ್ನು ಕುಟ್ಟುತ್ತ ಹೋದ. ದಪ್, ದಪ್. ಒಂದು ಕಡೆ ಸದ್ದು ಟೊಳ್ಳಾಗಿ ಕೇಳಿತು. ಹಲ್ಲು ಕಚ್ಚಿ ಟಾರು ಒಡೆದ. ಕಲ್ಲು ಸರಿಸಿದಾಗ ಆಳವಾದ ಗುಂಡಿ, ತಳದಲ್ಲಿ ಮೊಣಕಾಲುದ್ದ ತಣ್ಣೀರು. ಅದಕ್ಕಿಳಿದು, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ, ಉದ್ದನೆಯ ಕೀಲಿ ಹಾಕಿ ವಾಲ್ವ್ ತಿರುಗಿಸಿದ. ಬೀದಿಯ ನೀರು ನಿಧಾನವಾಗಿ ಸೊರಗಿತು.

ನೆಲಮಾಳಿಗೆಯಲ್ಲಿ ಕೆಳಗಿನ ಸಾಲಿನ ಅಂಗಿಗಳು ನೆನೆದಿದ್ದವು, ಮೇಲಿನವು ಉಳಿದಿದ್ದವು. ಕೊಳವೆ ರಿಪೇರಿಯಾಗುವವರೆಗೆ ಇಡೀ ಬೀದಿಗೆ ನೀರು ಬಂದ್. ಅಂಗಡಿಯಾಕೆ ಸಂಜೆಯೊಳಗೆ ನೆನೆದ ಅಂಗಿಗಳನ್ನು ಇಸ್ತ್ರಿ ಹಾಕಿ ಒಣಗಿಸಿ ಶಾಲೆಗೆ ತಲುಪಿಸಬೇಕು.