ಲವಂಗದೆಣ್ಣೆ ಸವರಿದ ಪುಟಗಳು

ಸುಮಿತ್ರಾ ಮಾವಶಿ, ಆ ಪುಟಗಳನ್ನು ಮಡಚಿದ್ದು ನನ್ನ ಪೇಷಂಟುಗಳಲ್ಲ, ನಾನು. ಮೂಲೆ ಮುದುರಿದ್ದು, ಚಹಾ ಕಪ್ಪಿನ ಗುರುತು ಮೂಡಿಸಿದ್ದು, ಅಲ್ಲಲ್ಲಿ ಲವಂಗದೆಣ್ಣೆ ಹತ್ತಿದ ಬೆರಳು ಒತ್ತಿದ್ದು — ಎಲ್ಲ ನಾನೇ. ಡೊಂಬಿವಲಿಯ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ಕೂತವರು ಯಾರೂ ನಿಮ್ಮ ‘ಹಾಗಾದರೆ’ ಪತ್ರಿಕೆಯನ್ನು ಓದುತ್ತಿರಲಿಲ್ಲ. ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮೆದುರು ಹಲ್ಲು ಕಿರಿದಿದ್ದೇನೆ.

ಆದರೂ ಎಂಥ ಚೆಂದದ ದಿನಗಳವು! ಇಲ್ಲಿ ಮರಾಠಿ ನಾಡಿನಲ್ಲಿ ನೆಲೆಸಿದ ಕನ್ನಡ ದಂತವೈದ್ಯರ ಸಂಘಕ್ಕೆ ನಾನು ಕಾರ್ಯದರ್ಶಿ. ಸಭೆ ಎಂದರೆ ಇಡ್ಲಿ, ಹರಟೆ, ಯಾರ ಕ್ಲಿನಿಕ್ಕಿನ ಕುರ್ಚಿ ಕೈಕೊಟ್ಟಿತು ಎಂಬ ಗೋಳು, ಅಷ್ಟೆ. ಅಲ್ಲಿಗೆ ನೀವು ಬಂದಿರಿ, ಚಿಕ್ಕಮ್ಮನಂತೆ ನಮಗೆಲ್ಲ ಮಾವಶಿಯಾದಿರಿ. ಕೋಪರಿಯಲ್ಲಿ ಮನೆ, ಅಪ್ಪಟ ಧಾರವಾಡದ ಮಾತು. ಶಾಲೆಯಿಂದ ನಿವೃತ್ತರಾಗಿ, ತತ್ತ್ವಶಾಸ್ತ್ರವನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಹೇಳಲೆಂದೇ ಮಾಸಪತ್ರಿಕೆ ತೆಗೆದವರು. ನಮ್ಮ ಕ್ಲಿನಿಕ್ಕುಗಳಲ್ಲಿ ಪತ್ರಿಕೆ ಇಡುವುದು, ನೀವು ನಮ್ಮ ಸಭೆಗೆ ಬಂದು ಮಾತಾಡುವುದು ಎಂದು ಒಪ್ಪಂದವಾಯಿತು. ಮನುಷ್ಯ ಖರೆ ಖರೆ ವಿಚಾರ ಮಾಡೋದು ಸ್ಮಶಾನದಾಗ, ಇಲ್ಲಾ ಹಲ್ಲಿನ ಡಾಕ್ಟರ ಬಾಗಲದಾಗ ಎಂದು ನೀವು ಅಂದಾಗ ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ಕಿತ್ತ ಹಲ್ಲು ಇನ್ನೂ ನನ್ನದೇನು ಎಂದು ನೀವು ಕೇಳಿದ ಒಂದು ಪ್ರಶ್ನೆಗೆ ಕಲ್ಯಾಣದ ಡಾಕ್ಟರುಗಳು ಲೋಕಲ್ ರೈಲು ತಪ್ಪಿಸಿಕೊಂಡು ಜಗಳಾಡಿದರಲ್ಲ, ನೆನಪಿದೆಯೇ? ನಮ್ಮ ಸಂಘಕ್ಕೆ ಜೀವ ಬಂದದ್ದೇ ನಿಮ್ಮಿಂದ.

ಪತ್ರಿಕೆಯ ಕಟ್ಟು ಮಾತ್ರ ಕಟ್ಟಾಗಿಯೇ ಇರುತ್ತಿತ್ತು. ನನ್ನಲ್ಲಿಗೆ ಬರುವವರಲ್ಲಿ ಮರಾಠಿಯವರೇ ಹೆಚ್ಚು. ಇಲ್ಲೇ ಹುಟ್ಟಿದ ನಮ್ಮ ಹುಡುಗರಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಕಲಬುರಗಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಕೆನ್ನೆ ಒತ್ತಿಕೊಂಡು ಕೂತಿರುವಾಗ ಯಾವ ಪತ್ರಿಕೆ, ಯಾವ ತತ್ತ್ವ? ಒಂದು ದಿನ ನೀವು ಸ್ಟೇಷನ್ನಿನಿಂದ ಫೋನ್ ಮಾಡಿದಿರಿ, ಪತ್ರಿಕೆ ಹೇಗೆ ಓಡುತ್ತಿದೆ ನೋಡಿ ಹೋಗುತ್ತೇನೆ ಅಂತ. ಕುರ್ಚಿಯಲ್ಲಿದ್ದವರನ್ನು ಬಾಯಿ ತೆರೆದೇ ಕೂರಿಸಿ, ಕಟ್ಟು ಬಿಚ್ಚಿ, ಲವಂಗದೆಣ್ಣೆ ಹತ್ತಿದ ಕೈಯಿಂದಲೇ ಮೊದಲ ಕೆಲವು ಪುಟಗಳನ್ನಷ್ಟೇ ಮುದುರಿದೆ.

ನೀವು ಬಂದಿರಿ. ಒಂದು ಪ್ರತಿ ಎತ್ತಿ ಮೂಗಿಗೆ ಹಿಡಿದು, ಲವಂಗದ ವಾಸನಿ ಬರಲಿಕ್ಕತ್ತದ ಅಂದಿರಿ — ಆ ಮುಖ! ಪೇಷಂಟುಗಳೇ ಓದಿದ್ದಾರೆಂದು ಅಷ್ಟು ಖುಷಿ ಪಟ್ಟ ಮುಖಕ್ಕೆ ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಅಂದಿನಿಂದ ಅದೇ ಪದ್ಧತಿಯಾಯಿತು. ಪ್ರತಿ ತಿಂಗಳು ನಾನು ಮುದುರುವುದು, ನೀವು ಬಂದು ಯಾವ ಪುಟ ಎಷ್ಟು ಸವೆದಿದೆ ಎಂದು ನೋಡಿ, ಜನಕ್ಕೆ ಏನು ಬೇಕೆಂದು ತೀರ್ಮಾನಿಸುವುದು. ಕೊನೆಯ ಪುಟದವರೆಗೆ ನನ್ನ ಕೈ ಹೋಗುತ್ತಿರಲಿಲ್ಲ. ಬರೀ ಸೋಮಾರಿತನ.

ಆ ಕೊನೆಯ ಪುಟದಲ್ಲಿಯೇ ನೀವು ‘ನೋವು’ ಎಂಬ ಲೇಖನಮಾಲೆ ಬರೆಯುತ್ತಿದ್ದಿರಿ — ನಮ್ಮ ಕ್ಲಿನಿಕ್ಕುಗಳಲ್ಲಿ ಕಾಯುವವರಿಗೆಂದೇ. ಒಂದು ಮಧ್ಯಾಹ್ನ ಪತ್ರಿಕೆ ಮುಚ್ಚಿಟ್ಟು ಅಂದಿರಿ:

“ಕಡೀ ಪುಟ ಯಾರೂ ಮುಟ್ಟವಲ್ಲರು, ಡಾಕ್ಟರ. ನಿಲ್ಲಿಸಿಬಿಡ್ತೀನಿ. ಒಲ್ಲೆ ಅನ್ನವರಿಗೆ ತುರುಕಬಾರದು.”

“ನಿಮ್ಮಿಷ್ಟ, ಮಾವಶಿ,” ಅಂದೆ.

ಅಷ್ಟೇ ಅಂದದ್ದು. ಅದನ್ನು ನಾನು ಓದಿಯೇ ಇರಲಿಲ್ಲ — ಒಂದು ಸಾಲೂ. ಆ ಜಾಗಕ್ಕೆ ನಗೆಹನಿ ಬಂತು, ಅದನ್ನೂ ಮುದುರಿದೆ, ನೀವು ಸಮಾಧಾನಪಟ್ಟಿರಿ.

ಹೋದ ತಿಂಗಳು ಕ್ಲಿನಿಕ್ಕನ್ನು ಐರೋಲಿಗೆ ಸಾಗಿಸುವಾಗ ಅಟ್ಟದಿಂದ ಹಳೆಯ ಪ್ರತಿಗಳು ಇಳಿದವು. ಸಾಮಾನಿನ ನಡುವೆ ನೆಲದ ಮೇಲೆ ಕೂತು ಕೊನೆಯ ಪುಟಗಳನ್ನೆಲ್ಲ ಓದಿದೆ. ಅಯ್ಯೋ ಮಾವಶಿ, ಎಷ್ಟು ನಗಿಸಿದಿರಿ! ಟೆಂಪೋದವನು ಹಾರ್ನ್ ಬಾರಿಸುತ್ತಲೇ ಇದ್ದ, ನಾನು ಒಬ್ಬನೇ ನಗುತ್ತ ಕೂತಿದ್ದೆ. ಹೀಗೆ ಬರೆಯುವವರು ನಮ್ಮ ಸಂಘದ ಮುರುಕು ಕುರ್ಚಿಯಲ್ಲಿ ಕೂತು ಇಡ್ಲಿ ತಿಂದಿದ್ದರಲ್ಲ ಎಂದು ಹೆಮ್ಮೆಯಾಯಿತು.

ಕೊನೆಯ ಕಂತಿನಲ್ಲಿ ನಾನಿದ್ದೇನೆ. ನಿಮ್ಮ ದವಡೆಹಲ್ಲು ಕೀಳುವ ಮೊದಲು ನಾನು ‘ಸ್ವಲ್ಪವೂ ನೋಯುವುದಿಲ್ಲ’ ಅಂದೆನಂತೆ, ನೋಯಿತಂತೆ. ಇದು ಸುಳ್ಳೋ ಕರುಣೆಯೋ, ಇಂಥ ಸುಳ್ಳನ್ನು ಕ್ಷಮಿಸಬಹುದೋ ಇಲ್ಲವೋ ಎಂದು ಕೇಳಿ, ಉತ್ತರವನ್ನು ಮುಂದಿನ ತಿಂಗಳಿಗೆ ಇಟ್ಟಿದ್ದಿರಿ. ಮುಂದಿನ ತಿಂಗಳು ಆ ಲೇಖನಮಾಲೆಯೇ ಇರಲಿಲ್ಲ. ಇಲ್ಲದಂತೆ ಮಾಡಿದವನು ನಾನು.

ಭಾನುವಾರ ಕೋಪರಿಗೆ ಬರುತ್ತೇನೆ. ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಿಮ್ಮೆದುರು ನಿಂತು ನಾನೇ ಓದುತ್ತೇನೆ. ನಿಮ್ಮ ಸ್ವಭಾವ ಗೊತ್ತು, ಹೋಗ್ಲಿ ಬಿಡ್ರಿ ಎಂದು ಚಹಾಕ್ಕಿಡಲು ಏಳುತ್ತೀರಿ. ದಯವಿಟ್ಟು ಏಳಬೇಡಿ. ಆ ಉತ್ತರ ಬರೆಯಿರಿ — ನನ್ನನ್ನು ಕ್ಷಮಿಸಬಾರದು ಎಂದೇ ಇದ್ದರೂ ಬರೆಯಿರಿ. ನಾನು ಓದುತ್ತೇನೆ.